ಅತ್ಯುನ್ನತ ಗೌರವಗಳೊಂದಿಗೆ

ಭಾರತಕ್ಕೂ ಕೊರಾವೆಲ್ ದ್ವೀಪರಾಷ್ಟ್ರಕ್ಕೂ ನಡುವಿನ ಸಂಬಂಧ ಇಷ್ಟು ಚೆನ್ನಾಗಿ ಹಿಂದೆಂದೂ ಇರಲಿಲ್ಲ ಎಂದು ಗೋಡೆ ಹೇಳುತ್ತಿತ್ತು.

ಗೋಡೆ ಎಂದರೆ ಮಂಗಳೂರಿನ ಹಳೆ ಬಂದರಿನ ಪಕ್ಕದ ಕಟ್ಟಡದಲ್ಲಿದ್ದ ದಿಗ್ದರ್ಶನ ಸಂಸ್ಥೆಯ ನಿಗಾ ಕೋಣೆಯ ಗೋಡೆ. ನೆಲದಿಂದ ಸೂರಿನವರೆಗೆ ಪ್ರಪಂಚದ ನಕ್ಷೆ. ಯಾವ ಎರಡು ದೇಶಗಳ ಮೇಲೆ ಬೆರಳಿಟ್ಟರೂ ಅವುಗಳ ನಡುವೆ ಒಂದು ಅಂಕೆ ಮೂಡುತ್ತಿತ್ತು. ಸೊನ್ನೆ ಎಂದರೆ ಪರಮ ಸ್ನೇಹ, ನೂರು ಎಂದರೆ ಯುದ್ಧ. ಹಡಗಿಗೆ ವಿಮೆ ಮಾಡಿಸುವವರು, ಎಣ್ಣೆ ತರಿಸುವವರು, ಬಂದರು ಕಟ್ಟುವವರು, ಕಡೆಗೆ ಸರ್ಕಾರದವರು ಕೂಡ ಬೆಳಗ್ಗೆ ಎದ್ದು ಈ ಅಂಕೆ ನೋಡಿದ ಮೇಲೆಯೇ ಮುಂದಿನ ಮಾತು ಆಡುತ್ತಿದ್ದರು. ಭಾರತ ಮತ್ತು ಕೊರಾವೆಲ್ ನಡುವೆ ಅಂದು ಹಸಿರು ಬಣ್ಣದಲ್ಲಿ ಏಳು ಎಂದು ಬರೆದಿತ್ತು.

ಇಂದುಮತಿ ಐತಾಳರು ಆ ಏಳನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದರು. ಯೌವನದಿಂದ ನಿವೃತ್ತಿಯವರೆಗೆ ವಿದೇಶಾಂಗ ಸೇವೆಯಲ್ಲಿದ್ದವರು. ಕೊನೆಯ ನೇಮಕ ಕೊರಾವೆಲ್‌ನಲ್ಲಿ ರಾಯಭಾರಿಯಾಗಿ. ನಿವೃತ್ತಿಯಾಗಿ ಹುಟ್ಟೂರು ಕುಂದಾಪುರದಲ್ಲಿ ಮನೆ ಮಾಡಿದ ಮೇಲೆ ದಿಗ್ದರ್ಶನದವರು ಹುಡುಕಿಕೊಂಡು ಬಂದು ಸಲಹೆಗಾರ್ತಿಯಾಗಿ ಕರೆದೊಯ್ದಿದ್ದರು. ಬಾಗಿಲ ಮೇಲೆ ‘ಅಂತರರಾಷ್ಟ್ರೀಯ ಸಂಬಂಧಗಳು ಮತ್ತು ಜಾಗತಿಕ ಅಪಾಯ’ ಎಂಬ ಫಲಕವಿತ್ತು. ಮಾಡಬೇಕಾಗಿದ್ದ ಕೆಲಸ ಮಾತ್ರ ಇಷ್ಟೇ: ಯಂತ್ರ ಹೇಳಿದ ಅಂಕೆ ಸರಿಯಿಲ್ಲ ಎನ್ನಿಸಿದರೆ ಅದಕ್ಕೆ ಮೂರರವರೆಗೆ ಕೂಡಿಸಬಹುದು, ಇಲ್ಲವೆ ಮೂರರವರೆಗೆ ಕಳೆಯಬಹುದು. ಒಂದು ಜೀವಮಾನದ ಅನುಭವಕ್ಕೆ ಮೂರು ಅಂಕದ ಬೆಲೆ.

ಅವರು ಬೆಳಗ್ಗೆಯೇ ಮೂರು ಕೂಡಿಸಿದ್ದರು. ಹತ್ತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಆ ಸರ್ಕಾರದಿಂದ ಬಂದ ಹೊಸ ಪತ್ರವೊಂದನ್ನು ಓದಿ ಮತ್ತೆ ಏಳಕ್ಕೆ ಇಳಿಸಿತ್ತು.

“ಮೇಡಂ, ಹತ್ತಾದ್ರೂ ಅಷ್ಟೇ, ಏಳಾದ್ರೂ ಅಷ್ಟೇ,” ಎಂದ ಧನುಷ್ ಬಂಗೇರ. ನಿಗಾ ಕೋಣೆಯ ಮುಖ್ಯಸ್ಥ. ಒಳ್ಳೆಯವನೇ, ಆದರೆ ಗೋಡೆ ಹೇಳಿದ್ದನ್ನು ಬಿಟ್ಟು ಬೇರೇನನ್ನೂ ನಂಬದವನು. “ಮೂವತ್ತು ದಾಟುವವರೆಗೆ ಯಾರೂ ತಲೆ ಎತ್ತಿ ನೋಡುದಿಲ್ಲ. ನೀವು ಸುಮ್ಮನೆ ಬಿಪಿ ಏರಿಸ್ಕೊಳ್ತಾ ಇದ್ದೀರಿ.”

ಬಿಪಿ ಏರುವುದಕ್ಕೆ ಕಾರಣವಿತ್ತು. ಕೊರಾವೆಲ್‌ನವರು ತಮ್ಮ ಹವಳದ ದಿಬ್ಬಗಳನ್ನು ಉಳಿಸಿಕೊಳ್ಳಲು ಸಮುದ್ರಕ್ಕೆ ನೊರೆ ಹಾಸಿದ್ದರು. ಸಾಲುಸಾಲಾಗಿ ತೇಲುವ ಪಂಪುಗಳು ನೀರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಊದುತ್ತಿದ್ದವು. ಗುಳ್ಳೆ ತುಂಬಿದ ನೀರು ಹಾಲಿನಂತೆ ಬೆಳ್ಳಗಾಗಿ ಬಿಸಿಲನ್ನು ಆಕಾಶಕ್ಕೇ ಹಿಂದಿರುಗಿಸುತ್ತಿತ್ತು. ಕೆಳಗಿನ ಸಮುದ್ರ ತಂಪಾಗುತ್ತಿತ್ತು. ನೊರೆಹಾಸಿನೊಳಗೆ ಹೊರಗಿನ ದೋಣಿ ನುಗ್ಗಿದರೆ ಕಾವಲು ಯಂತ್ರಗಳು ಅದನ್ನು ಬಲೆಯಲ್ಲಿ ಹಿಡಿದು, ನಡುಸಮುದ್ರದಲ್ಲಿದ್ದ ಒಂದು ಉಕ್ಕಿನ ತೇಲುಕಟ್ಟೆಗೆ ಎಳೆದೊಯ್ಯುತ್ತಿದ್ದವು. ಅಲ್ಲಿ ಮನುಷ್ಯರಿಲ್ಲ. ಮಲಗಲು ಜಾಗ, ಡಬ್ಬಿಯ ಊಟ ಮತ್ತು ಒಂದು ಧ್ವನಿ, ಅಷ್ಟೇ. ಎರಡು ದೇಶಗಳ ಮಾತುಕತೆ ಮುಗಿಯುವವರೆಗೆ ದೋಣಿಯವರು ಅಲ್ಲೇ ಇರಬೇಕು.

ಗಂಗೊಳ್ಳಿಯ ಒಂದು ದೋಣಿ ಎಂಜಿನ್ ಕೆಟ್ಟು ಗಾಳಿಗೆ ತೇಲಿಹೋಗಿ ಆ ನೊರೆಗೆ ಸಿಕ್ಕಿತ್ತು. ಒಂಬತ್ತು ಮಂದಿ. ಮಾತುಕತೆ ಬಹಳ ಸ್ನೇಹದಿಂದ ನಡೆಯುತ್ತಲೇ ಇತ್ತು, ಮುಗಿಯುತ್ತಿರಲಿಲ್ಲ. ಈಗ ನೊರೆಹಾಸಿನ ಅಂಚಿನಲ್ಲಿ, ತಂಪು ನೀರೂ ಬಿಸಿ ನೀರೂ ಕೂಡುವಲ್ಲಿ, ಚಂಡಮಾರುತವೊಂದು ಸುತ್ತು ಕಟ್ಟತೊಡಗಿತ್ತು. ಗುರುವಾರದ ಹೊತ್ತಿಗೆ ಅದು ತೇಲುಕಟ್ಟೆಯ ಮೇಲೆ ಹಾದುಹೋಗುವುದೆಂದು ಹವಾಮಾನದವರು ಹೇಳಿದ್ದರು. ಅಂಥ ಅಲೆಗೆ ಆ ಕಟ್ಟೆ ತಡೆಯುವುದಿಲ್ಲ ಎಂಬುದು ಇಂದುಮತಿಯವರಿಗೆ ಚೆನ್ನಾಗಿ ಗೊತ್ತಿತ್ತು. ಅದರ ಒಪ್ಪಂದ ಬರೆಯುವಾಗ ಮೇಜಿನ ಈಚೆ ಕೂತಿದ್ದವರು ಅವರೇ.

ಅಂದು ಸೋಮವಾರ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಕೆಳಗಿನ ಮನೆಯ ಸುಜಯ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಮುಚ್ಚಿದ ಪಾತ್ರೆ. ಬ್ರಾಹ್ಮಣರಾದ ಐತಾಳರ ಮನೆಯ ಹೆಣ್ಣುಮಗಳು ಮೀನು ತಿನ್ನುತ್ತಾಳೆ ಎಂಬ ಸುದ್ದಿ ಕುಂದಾಪುರದಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಇಂದುಮತಿಯವರು ನಂಬಿದ್ದರು, ಎಲ್ಲರಿಗೂ ಗೊತ್ತಿತ್ತು. ಅಷ್ಟು ದೇಶಗಳ ಔತಣದಲ್ಲಿ ಕೂತು ಎದ್ದವರು ಮತ್ತೇನು ತಿನ್ನುತ್ತಾರೆ ಎಂದು ಊರು ತನ್ನಷ್ಟಕ್ಕೆ ಮಾಫಿ ಕೊಟ್ಟಿತ್ತು. ಸುಜಯ ಮಾತ್ರ ಪ್ರತಿಸಲವೂ ಸೆರಗಿನಡಿ ಮುಚ್ಚಿಯೇ ತರುತ್ತಿದ್ದಳು.

ಆ ದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವ ಯಜಮಾನ, ಸುಜಯಳ ಗಂಡ ನಾಗೇಶ ಮೊಗವೀರ.

ಅವಳು ಪಾತ್ರೆಯನ್ನು ಅಡುಗೆಕಟ್ಟೆಯ ಮೇಲಿಟ್ಟು ಫೋನು ಮುಂದೆ ಹಿಡಿದಳು. ಕೊರಾವೆಲ್‌ನಿಂದ ಪ್ರತಿ ಸಂಜೆ ಒಂದು ವರದಿ ಬರುತ್ತಿತ್ತು, ಅಚ್ಚುಕಟ್ಟಾದ ಕನ್ನಡದಲ್ಲಿ. ‘ಮಾನ್ಯರೇ, ನಮ್ಮ ಅತಿಥಿಗಳಾದ ಶ್ರೀ ನಾಗೇಶ ಮೊಗವೀರ ಅವರು ಕ್ಷೇಮವಾಗಿದ್ದಾರೆ. ಇಂದಿನ ಭೋಜನಕ್ಕಾಗಿ ಅವರು ಹೃತ್ಪೂರ್ವಕ ಧನ್ಯವಾದ ತಿಳಿಸಿದ್ದಾರೆ.’

“ಅಮ್ಮ, ಇದ್ ಸುಳ್ಳ್,” ಎಂದಳು ಸುಜಯ.

ಹೇಗೆ ಹೇಳುತ್ತೀ ಎಂದು ಇಂದುಮತಿ ಕೇಳಿದರು.

“ನಮ್ಮನಿಯರ್ ಹುಟ್ಟಿದ್ ಮೇಲೆ ಯಾರಿಗೂ ಧನ್ಯವಾದ ಹೇಳ್ದವರಲ್ಲ. ಮದಿ ದಿನ ನನ್ನಪ್ಪಯ್ಯನಿಗೂ ಹೇಳ್ಲಿಲ್ಲೆ. ಊಟ ಕೊಟ್ರೆ ಉಪ್ಪ್ ಕಮ್ಮಿ ಅಂಬ್ರ್, ಇಲ್ದಿರೆ ಜಾಸ್ತಿ ಅಂಬ್ರ್. ಇದ್ ಅವ್ರ್ ಮಾತಲ್ಲ. ಅವ್ರಿಗೆ ಎಂತದೋ ಆಯ್ತ್, ಯಾರೋ ಮುಚ್ಚಿಡ್ತಿದ್ರ್.”

ಇಂದುಮತಿ ನಕ್ಕು ಹಗುರ ಮಾಡಲು ನೋಡಿದರು. ಆಗಲಿಲ್ಲ. ಅವಳ ಮಾತು ಎಲ್ಲೋ ಚುಚ್ಚಿತು. ನಾಗೇಶನಿಗೆ ಏನೂ ಆಗಿರಲಿಕ್ಕಿಲ್ಲ. ಆದರೆ ಆತ ಏನು ಅಂದರೂ ಅದನ್ನು ಧನ್ಯವಾದವೆಂದು ಬರೆಯುವ ಯಂತ್ರವೊಂದು ಅಲ್ಲಿ ಇದ್ದರೆ? ಕಾಂಬ, ನಾಳೆ ದೆಹಲಿಗೆ ಮಾತಾಡ್ತೆ ಎಂದು ಅವಳನ್ನು ಕಳಿಸಿದರು. ಪಾತ್ರೆಯ ಮುಚ್ಚಳ ತೆಗೆಯಲು ಮನಸ್ಸಾಗಲಿಲ್ಲ.

ಇಲ್ಲಿ ಆ ಕಾಲದ ಒಂದು ಸಂಗತಿ ಹೇಳಬೇಕು. ದೇಶದೇಶಗಳ ನಡುವಿನ ಪತ್ರಗಳನ್ನು ಮನುಷ್ಯರು ಬರೆಯುವುದು ನಿಂತು ಕೆಲವು ವರ್ಷಗಳಾಗಿದ್ದವು. ಎಲ್ಲೋ ಒಬ್ಬ ಅಧಿಕಾರಿ ತಲೆನೋವಿನಲ್ಲಿ ಬರೆದ ಒಂದು ಒರಟು ವಾಕ್ಯದಿಂದ ಎರಡು ದೇಶಗಳ ಸೈನ್ಯ ಗಡಿಗೆ ಬಂದು ನಿಂತಿದ್ದುಂಟು. ಅದಾದ ಮೇಲೆ ಎಲ್ಲ ಸರ್ಕಾರಗಳೂ ಪತ್ರಸೂತ್ರ ಎಂಬ ಯಂತ್ರಬುದ್ಧಿಯನ್ನು ತಂದು ಕೂರಿಸಿಕೊಂಡವು. ಇಲ್ಲಿಯದು ಬರೆಯುತ್ತಿತ್ತು, ಅಲ್ಲಿಯದು ಓದಿ ಉತ್ತರಿಸುತ್ತಿತ್ತು. ಒರಟು ಮಾತು ಮೃದುವಾಗುತ್ತಿತ್ತು, ಮೃದುವಾದದ್ದು ಇನ್ನೂ ಮೃದುವಾಗುತ್ತಿತ್ತು. ಪತ್ರದ ಧಾಟಿ ಬಿಸಿಯಾಗಿದ್ದರೆ ಮಾತ್ರ ಅದು ‘ಗಂಭೀರ’ ಎಂಬ ಗುರುತಿನೊಂದಿಗೆ ಒಬ್ಬ ಮನುಷ್ಯನ ಮೇಜಿಗೆ ಬರಬೇಕು. ಬಿಸಿಯಾಗುವುದಕ್ಕೆ ಯಂತ್ರ ಬಿಡುತ್ತಲೇ ಇರಲಿಲ್ಲವಾದ್ದರಿಂದ ಯಾವುದೂ ಬರುತ್ತಿರಲಿಲ್ಲ. ಮಂಗಳೂರಿನ ಗೋಡೆ ಇದೇ ಪತ್ರಗಳ ಧಾಟಿಯನ್ನು, ಅಪರೂಪಕ್ಕೆ ರಾಯಭಾರಿಯನ್ನು ಕರೆಸುವಂಥ ಘಟನೆ ನಡೆದರೆ ಅದನ್ನೂ, ಅಳೆದು ತನ್ನ ಅಂಕೆ ಹೇಳುತ್ತಿತ್ತು. ಜಗತ್ತು ತಣ್ಣಗಿದೆ ಎಂದು ಎಲ್ಲರೂ ನೆಮ್ಮದಿಯಾಗಿದ್ದರು. ಇಂದುಮತಿಯವರೂ ಕೆಲಕಾಲ ಹಾಗೆಯೇ ಇದ್ದರು, ಅದನ್ನು ಅಲ್ಲಗಳೆಯುವಂತಿಲ್ಲ.

ಹಿಂದಿನ ವಾರ ದೆಹಲಿಯವರು ಈ ದೋಣಿಯ ವಿಷಯಕ್ಕೆ ಒಂದು ಪತ್ರದ ಕರಡು ಬರೆದುಕೊಡಿ ಎಂದು ಸಲಹೆಗಾರ್ತಿಯನ್ನು ಕೇಳಿದ್ದರು. ಅವರು ಖುಷಿಯಿಂದ ಬರೆದಿದ್ದರು. ಬರೆದದ್ದು ಚಿಕ್ಕದು. ಆದರೆ ಅದರಲ್ಲಿ ವೃತ್ತಿಯ ಹಳೆಯ ಪಟ್ಟೊಂದನ್ನು ಹಾಕಿದ್ದರು. ಒಂದು ಸರ್ಕಾರ ಇನ್ನೊಂದಕ್ಕೆ ಬರೆಯುವ ಪತ್ರ ‘ತನ್ನ ವಂದನೆಗಳನ್ನು ಸಲ್ಲಿಸುತ್ತ’ ಎಂದು ಶುರುವಾಗಿ ‘ಅತ್ಯುನ್ನತ ಗೌರವಗಳೊಂದಿಗೆ’ ಎಂದು ಮುಗಿಯುತ್ತದೆ. ಜಗಳವಿದ್ದರೂ, ಗಡಿಯಲ್ಲಿ ಗುಂಡು ಹಾರುತ್ತಿದ್ದರೂ ಆ ಎರಡು ಸಾಲು ಇರುತ್ತವೆ. ಆದ್ದರಿಂದಲೇ ಅವನ್ನು ಬಿಟ್ಟು ಬರೆದರೆ ಅದಕ್ಕಿಂತ ದೊಡ್ಡ ಕೂಗು ಬೇರೆ ಇಲ್ಲ. ಮನೆಗೆ ಬಂದ ನೆಂಟರಿಗೆ ಬೆಲ್ಲ ನೀರು ಕೇಳದೆ ಬಾಗಿಲಲ್ಲೇ ನಿಲ್ಲಿಸಿದ ಹಾಗೆ. ಓದಿದವರು ಕುರ್ಚಿಯಿಂದ ಎದ್ದು ಮಂತ್ರಿಯ ಕೋಣೆಗೆ ಓಡಬೇಕು. ಅವರು ವಂದನೆಯನ್ನೂ ಬಿಟ್ಟಿದ್ದರು, ಗೌರವವನ್ನೂ ಬಿಟ್ಟಿದ್ದರು.

ಕೊರಾವೆಲ್‌ನಿಂದ ಉತ್ತರ ಬಂದಿತ್ತು: ‘ತಮ್ಮ ಆತ್ಮೀಯ ಪತ್ರಕ್ಕೆ ನಾವು ಋಣಿಗಳು.’

ಮಂಗಳವಾರ ಬೆಳಗ್ಗೆ ಇಂದುಮತಿಯವರು ನಿಗಾ ಕೋಣೆಯಿಂದಲೇ ದೆಹಲಿಯ ಆ ವಿಭಾಗದ ಅಧಿಕಾರಿ ಸಮೀರ್ ಪಂತನಿಗೆ ಕರೆ ಮಾಡಿದರು. ತಾವು ಬರೆದದ್ದು ಬರೆದ ಹಾಗೆಯೇ ಹೋಯಿತೇ ಎಂದು ಕೇಳಿದರು. ಆತ ತೆರೆಯಲ್ಲಿ ಹುಡುಕಿ, ಸಂತೋಷದ ಸ್ವರದಲ್ಲಿ, ಒಂದು ಚಿಕ್ಕ ತಪ್ಪಾಗಿತ್ತು ಮೇಡಂ, ವಂದನೆಯ ಸಾಲೂ ಕೊನೆಯ ಸಾಲೂ ಬಿಟ್ಟುಹೋಗಿದ್ದವು, ಪತ್ರಸೂತ್ರವೇ ಸೇರಿಸಿ ಸರಿಪಡಿಸಿದೆ ಎಂದ.

ಇಂದುಮತಿಯವರು ಕುರ್ಚಿ ಎಳೆದು ಕೂತರು.

ಅದು ತಪ್ಪಲ್ಲ ಎಂದು ವಿವರಿಸಿದರು. ಆತ ವಿನಯದಿಂದ ಕೇಳಿಸಿಕೊಂಡ. ಈಗ ಅದೇ ಪತ್ರವನ್ನು ವಂದನೆ ಇಲ್ಲದೆ ಮತ್ತೆ ಕಳಿಸಿ ಎಂದರು. ಆ ಜಾಗ ಖಾಲಿ ಬಿಟ್ಟರೆ ಪತ್ರ ಹೋಗುವುದೇ ಇಲ್ಲ, ಅದು ಕಡ್ಡಾಯ ಎಂದ. ಹಾಗಾದರೆ ಯಂತ್ರವನ್ನು ಬಿಟ್ಟು ಕೈಯಲ್ಲಿ ಬರೆದು ಕಳಿಸಿ ಎಂದರು. ಕೈಯಲ್ಲಿ ಬರೆದದ್ದನ್ನು ಆ ಕಡೆ ಸ್ಕ್ಯಾನ್ ಮಾಡಿ ಅವರ ಪತ್ರಸೂತ್ರಕ್ಕೇ ಓದಿಸುತ್ತಾರೆ, ಅದು ಬಿಟ್ಟುಹೋದದ್ದನ್ನು ಊಹಿಸಿಕೊಂಡು ಓದುತ್ತದೆ ಎಂದ. ಹಾಗಾದರೆ ಫೋನಿನಲ್ಲಿ ಒಬ್ಬ ಮನುಷ್ಯನನ್ನು ಹಿಡಿಯಿರಿ ಎಂದು ದನಿ ಏರಿಸಿದರು. ಆತ ಅದೇ ವಿನಯದಲ್ಲಿ, ಸ್ನೇಹಪೂರ್ಣ ಎಂದು ಗುರುತಾದ ವಿಷಯಕ್ಕೆ ನೇರ ಕರೆ ಮಾಡಲು ತನಗೆ ಅನುಮತಿ ಸಿಗುವುದಿಲ್ಲ, ಬೇಕಾದರೆ ಒಂದು ಕೋರಿಕೆ ದಾಖಲಿಸುತ್ತೇನೆ ಎಂದ. ಕೋರಿಕೆ ದಾಖಲಾಯಿತು. ಇಂದುಮತಿಯವರ ಫೋನಿಗೆ ತಕ್ಷಣ ಉತ್ತರ ಬಂತು. ಅವರ ಅಮೂಲ್ಯ ಸಲಹೆಗೆ ಸಚಿವಾಲಯ ಕೃತಜ್ಞವಾಗಿತ್ತು.

“ನಾವು ಬೈಯ್ತಾ ಇದ್ದೇವೆ, ಅವರಿಗೆ ಹೊಗಳಿದ ಹಾಗೆ ಕೇಳ್ತಾ ಇದೆ,” ಎಂದರು ಇಂದುಮತಿ ಧನುಷ್‌ನ ಕಡೆ ತಿರುಗಿ. “ಅವರೂ ಬೈಯ್ತಾ ಇರಬಹುದು. ನಿನ್ನ ಗೋಡೆ ಅದನ್ನು ಕೂಡಿಸಿ ಏಳು ಅನ್ತದೆ. ಇದನ್ನು ಅರವತ್ತಕ್ಕೆ ಏರಿಸು. ಇವತ್ತೇ.”

“ಮೂರಕ್ಕಿಂತ ಹೆಚ್ಚು ಏರಿಸ್ಲಿಕ್ಕೆ ನಂಗೂ ಆಗುದಿಲ್ಲ ಮೇಡಂ. ನಿಮಗೂ ಆಗುದಿಲ್ಲ.” ಆಮೇಲೆ ಅವನು, ಪತ್ರಿಕೆಯವರಿಗೆ ಹೇಳಿ ನೋಡಿ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅವರು ಅದನ್ನೂ ಮಾಡಿದರು. ಸಂಜೆಯ ಆವೃತ್ತಿಯಲ್ಲಿ ಸುದ್ದಿ ಬಂತು. ಕೆಳಗೇ ಎರಡೂ ಸರ್ಕಾರಗಳ ಸ್ಪಷ್ಟನೆ ಬಂತು. ಒಂದೇ ಕೈಯಲ್ಲಿ ಬರೆದಂತಿದ್ದ ಎರಡು ಸ್ಪಷ್ಟನೆಗಳು.

ಮನೆಗೆ ಬಂದಾಗ ಸುಜಯ ಮೆಟ್ಟಿಲ ಮೇಲೆಯೇ ಕೂತಿದ್ದಳು. ಅವಳ ಜೊತೆ ಉಳಿದ ಎಂಟು ಮನೆಯವರಲ್ಲಿ ಕೆಲವರೂ ಇದ್ದರು. ಯಾರೂ ಏನೂ ಕೇಳಲಿಲ್ಲ. ಕೇಳದೆ ಇದ್ದುದರಿಂದಲೇ ಇಂದುಮತಿಯವರಿಗೆ ಅವರನ್ನು ದಾಟಿ ಮೇಲೆ ಹೋಗುವುದು ಕಷ್ಟವಾಯಿತು. ಈ ಊರಿನವರು ಅವರನ್ನು ದೊಡ್ಡ ದೊಡ್ಡ ದೇಶಗಳ ಜೊತೆ ಮಾತಾಡಿದವಳು ಎಂದು ತಿಳಿದಿದ್ದರು. ಒಂದು ಬಾಗಿಲು ತಟ್ಟಲೂ ತನ್ನಿಂದ ಆಗುತ್ತಿಲ್ಲ ಎಂದು ಇವರಿಗೆ ಹೇಗೆ ಹೇಳುವುದು?

ಬಾಗಿಲು ಹಾಕಿಕೊಂಡು ಅವರು ತಾವು ಎಂದೂ ಮಾಡಬಾರದೆಂದಿದ್ದ ಕರೆಯೊಂದನ್ನು ಮಾಡಿದರು.

ಅರ್ಮಾನ್ ತೆಲೆಸಾ ಕೊರಾವೆಲ್‌ನ ಹಿಂದಿನ ವಿದೇಶಾಂಗ ಕಾರ್ಯದರ್ಶಿ. ನೊರೆಹಾಸಿನ ಒಪ್ಪಂದದ ಮಾತುಕತೆಯಲ್ಲಿ ಮೇಜಿನ ಆಚೆ ಕೂತಿದ್ದವನು. ಒಂದು ಸಾಲಿನ ಮೇಲೆ ಮೂರು ದಿನ ಜಗಳವಾಡಿ, ಹಿಂದೂ ಮಹಾಸಾಗರದಲ್ಲೇ ಇಂಥ ಹಟಮಾರಿ ಹೆಂಗಸು ಇನ್ನೊಬ್ಬಳಿಲ್ಲ ಎಂದು ಎದುರಿಗೇ ಹೇಳಿ ಎದ್ದುಹೋಗಿದ್ದ. ಮರುದಿನ ಬಂದು ಕೂತು ಮತ್ತೆ ಜಗಳ ಮುಂದುವರಿಸಿದ್ದ. ಆ ಒಪ್ಪಂದ ಆಗಿದ್ದು ಹಾಗೆ. ನಿವೃತ್ತಿಯ ನಂತರ ಇಬ್ಬರೂ ಹೊಸ ವರ್ಷದ ಶುಭಾಶಯವನ್ನೂ ಹೇಳಿಕೊಂಡಿರಲಿಲ್ಲ. ಅವನೂ ಈಗ ಅಲ್ಲಿಯ ಯಾವುದೋ ಸಲಹಾ ಮಂಡಳಿಯಲ್ಲಿದ್ದಾನೆ ಎಂದು ಕೇಳಿದ್ದರು.

ಫೋನು ಅವನೇ ಎತ್ತಿದ. ಹಿಂದೆ ನಾಯಿಗಳು ಬೊಗಳುತ್ತಿದ್ದವು.

“ಐತಾಳ್,” ಎಂದ ಅವನು ತನ್ನ ಸಾವಕಾಶದ ಇಂಗ್ಲಿಷಿನಲ್ಲಿ. “ನಿಮ್ಮ ಸರ್ಕಾರದ ಪತ್ರಗಳ ಸಾರಾಂಶ ಪ್ರತಿ ವಾರ ನನಗೆ ಬರುತ್ತದೆ. ಎಲ್ಲ ಪ್ರೇಮಪತ್ರದ ಹಾಗಿವೆ. ನಿಮಗೂ ವಯಸ್ಸಾಯಿತು ಅಂದುಕೊಂಡೆ.”

ಅದು ಯಂತ್ರದ ಕೆಲಸ, ನಾನು ವಂದನೆ ಬಿಟ್ಟು ಬರೆದಿದ್ದೆ ಎಂದು ಅವರು ಹೇಳಿದಾಗ ಆ ಕಡೆ ನಗು ನಿಂತಿತು. ನಾಯಿಗಳನ್ನು ಗದರುವುದು ಕೇಳಿಸಿತು. ಆಮೇಲೆ ಅವನು ಹೇಳಿದ್ದು ಇಷ್ಟು. ಚಂಡಮಾರುತದ ಸುದ್ದಿ ನೋಡಿ ಅವನೂ ತನ್ನ ಸಚಿವಾಲಯಕ್ಕೆ ಬರೆದಿದ್ದ. ಅವನಿಗೂ ಧನ್ಯವಾದ ಬಂದಿತ್ತು. ಕಟ್ಟೆಯಿಂದ ಜನರನ್ನು ಇಳಿಸಲು ನೌಕಾಪಡೆಗೆ ವಿದೇಶಾಂಗದ ಆದೇಶ ಬೇಕು. ಅಲ್ಲಿ ಈ ಕಡತ ‘ಸೌಹಾರ್ದದಿಂದ ಪ್ರಗತಿಯಲ್ಲಿದೆ’ ಎಂದು ಮುಚ್ಚಿಕೊಂಡಿತ್ತು. ಈಗಿನ ಅಧ್ಯಕ್ಷರ ಕಡೆಯವರು ಹಳೇ ಪಕ್ಷದ ಮನುಷ್ಯನಾದ ತೆಲೆಸಾನ ಫೋನು ಎತ್ತುವುದಿಲ್ಲ.

ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ದೂರಿದರು. ಯಂತ್ರವನ್ನು ಮೊದಲು ತಂದವರು ನೀವು ಎಂದು ಅವರು, ಅದನ್ನು ಮಾರಿದ್ದು ನಿಮ್ಮವರೇ ಎಂದು ಅವನು. ಹೀಗೆ ಬಾಯಿ ಬಿಟ್ಟು ಜಗಳವಾಡಿ ಎಷ್ಟು ಕಾಲವಾಗಿತ್ತೋ. ಇಂದುಮತಿಯವರಿಗೆ ಮೈ ಬಿಸಿಯಾಯಿತು, ತಲೆ ತಿಳಿಯಾಯಿತು.

“ಮಾತು ಯಾವುದನ್ನು ಕಳಿಸಿದರೂ ಅದು ನೆಕ್ಕಿ ನುಣ್ಣಗೆ ಮಾಡುತ್ತದೆ,” ಎಂದರು. “ಮಾತಲ್ಲದ್ದು ಏನಿದೆ ನಮ್ಮ ಕೈಯಲ್ಲಿ?”

ತೆಲೆಸಾ ನಾಯಿಗಳನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

“ಹವಳ ನಕ್ಷತ್ರ ಎಲ್ಲಿದೆ?” ಎಂದು ಕೇಳಿದ.

ಆ ಒಪ್ಪಂದಕ್ಕಾಗಿಯೇ ಕೊರಾವೆಲ್ ಸರ್ಕಾರ ಅವರಿಗೆ ಕೊಟ್ಟ ಪದಕ ಅದು. ಪರದೇಶದವರಿಗೆ ಕೊಡುವ ಅತಿ ದೊಡ್ಡ ಗೌರವ. ಅದರ ನಿಯಮಗಳನ್ನು ಬರೆದವನು ತೆಲೆಸಾನೇ. ಪದಕ ಪಡೆದವರು ಅದನ್ನು ಹಿಂದಿರುಗಿಸಿದರೆ, ದೇಶದ ಕಾನ್ಸುಲ್ ಅದನ್ನು ಸ್ವಂತ ಕೈಯಲ್ಲಿ ಪಡೆದು, ಅಧ್ಯಕ್ಷರ ಕಚೇರಿಯಲ್ಲಿ ಪದಕಗಳ ಉಸ್ತುವಾರಿ ನೋಡುವ ಪದಕಪಾಲಕನಿಗೆ ಬಾಯಿಮಾತಿನಲ್ಲೇ ತಿಳಿಸಬೇಕು. ಪದಕಪಾಲಕ ಅದೇ ದಿನ ಅಧ್ಯಕ್ಷರ ಎದುರು ನಿಂತು ಹೇಳಬೇಕು. ಯಾರೂ ಎಂದೂ ಹಿಂದಿರುಗಿಸಿಲ್ಲವಾದ್ದರಿಂದ ಯಾರೂ ಅದನ್ನು ಯಂತ್ರಕ್ಕೆ ಒಪ್ಪಿಸುವ ಗೋಜಿಗೆ ಹೋಗಿರಲಿಲ್ಲ.

“ಜೊತೆಗೆ ಪತ್ರ ಇಡಬೇಡಿ. ಒಂದು ಸಾಲೂ ಬೇಡ,” ಎಂದ ತೆಲೆಸಾ. “ಆದರೆ ಯೋಚಿಸಿ. ಇದು ಆದ ಮೇಲೆ ನಮ್ಮ ಒಪ್ಪಂದವನ್ನು ಮುರಿದವಳು ಅಂತ ನಿಮ್ಮ ಹೆಸರು ಉಳಿಯುತ್ತದೆ. ನನ್ನ ಬದುಕಿನ ಕೆಲಸವೂ ಅದೇ, ಐತಾಳ್. ನಾನು ಹೇಳಿಕೊಟ್ಟೆ ಅಂತ ಎಲ್ಲೂ ಹೇಳಬೇಡಿ.”

ಇಂದುಮತಿಯವರು ಬೀರು ತೆರೆದು ಆ ಪೆಟ್ಟಿಗೆಯನ್ನು ಹೊರಗಿಟ್ಟುಕೊಂಡು ಕೂತರು. ಅವರಿಗೆ ಮಕ್ಕಳಿಲ್ಲ. ಕೆಲಸದಲ್ಲೂ ಕೈಯಲ್ಲಿ ಹಿಡಿದು ಇದು ನನ್ನದು ಎಂದು ತೋರಿಸುವಂಥದ್ದು ಹೆಚ್ಚೇನಿಲ್ಲ. ಆಗಬಹುದಾಗಿದ್ದ ಕೆಟ್ಟದ್ದು ಆಗದಂತೆ ನೋಡಿಕೊಳ್ಳುವುದೇ ಆ ವೃತ್ತಿ. ಆಗದೇ ಇದ್ದುದನ್ನು ಯಾರಿಗೆ ತೋರಿಸುವುದು? ಈ ಒಪ್ಪಂದವೊಂದೇ ಕಣ್ಣಿಗೆ ಕಾಣುವಂತಿತ್ತು. ಆಕಾಶದಿಂದ ನೋಡಿದರೆ ಸಮುದ್ರದ ಮೇಲೆ ಬೆಳ್ಳಗೆ ಹರಡಿಕೊಂಡಿರುತ್ತಿತ್ತು. ಅದರಿಂದ ಹವಳ ಉಳಿದಿತ್ತು. ಈಗ ಅದನ್ನು ಬೇಡ ಎಂದು ಬಿಸಾಡಿದವಳ ಹಾಗೆ ಜಗತ್ತಿನ ಮುಂದೆ ನಿಲ್ಲಬೇಕು, ಯಾಕೆ ಎಂದು ಒಂದು ಮಾತೂ ಹೇಳದೆ. ವಿವರಿಸುವುದೇ ಕಸುಬಾಗಿದ್ದವರಿಗೆ ಅದು ಎಲ್ಲಕ್ಕಿಂತ ಕಷ್ಟವಾಗಿ ಕಂಡಿತು. ಕೆಳಗಿನ ಮನೆಯಲ್ಲಿ ಸುಜಯ ಯಾರಿಗೋ ಫೋನಿನಲ್ಲಿ, ಇಲ್ಲ, ಅಮ್ಮ ಮಾತಾಡ್ತಿದ್ರ್, ಆತ್ತ್, ಆತ್ತ್ ಎಂದು ಧೈರ್ಯ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು.

ಬುಧವಾರ ಬೆಳಗ್ಗೆ ಅವರು ಮಂಗಳೂರಿಗೆ ಹೋದರು. ಆದರೆ ಹಳೆ ಬಂದರಿಗಲ್ಲ. ಕೊರಾವೆಲ್‌ನ ಗೌರವ ಕಾನ್ಸುಲ್ ವಾಲ್ಟರ್ ರೆಬೆಲ್ಲೊ ಅವರಿಗೆ ಒಂದು ಗೇರುಬೀಜದ ಕಾರ್ಖಾನೆ ಇತ್ತು. ಅದರ ಕಚೇರಿಯಲ್ಲೇ ಮೂಲೆಗೊಂದು ಬಾವುಟ ನಿಲ್ಲಿಸಿ ಅವರು ಆ ದೇಶದ ಪ್ರತಿನಿಧಿಯಾಗಿದ್ದರು. ವರ್ಷಕ್ಕೊಂದು ಔತಣ, ಒಂದೆರಡು ವೀಸಾ, ಇಷ್ಟೇ ಅವರ ರಾಜತಾಂತ್ರಿಕತೆ. ಸುಟ್ಟ ಗೇರುಸಿಪ್ಪೆಯ ವಾಸನೆಯ ನಡುವೆ ಅವರು ಎದ್ದು ನಿಂತು ಸ್ವಾಗತಿಸಿದರು, ಪುನರ್ಪುಳಿ ಜ್ಯೂಸ್ ತರಿಸಿದರು. ಇಂದುಮತಿಯವರು ಲೋಟ ಮುಟ್ಟಲಿಲ್ಲ. ಪೆಟ್ಟಿಗೆ ತೆರೆದು ಮೇಜಿನ ಮೇಲಿಟ್ಟು ಅವರ ಕಡೆ ತಳ್ಳಿದರು.

ರೆಬೆಲ್ಲೊ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಬಿಳಿಚಿತು.

“ಬೇಡ ಮೇಡಂ. ನನ್ನದು ಗೇರುಬೀಜದ ವ್ಯಾಪಾರ ಮಾರಾಯ್ರೆ. ನನ್ನ ಟೇಬಲ್ ಮೇಲೆ ಇದೆಲ್ಲ ಇಡ್ಬೇಡಿ. ಒಂದು ಈಮೇಲ್ ಹಾಕಿ ಬಿಡಿ, ನಾನು ಮೇಲೆ ಕಳಿಸ್ತೇನೆ.”

“ಈಮೇಲ್ ಇಲ್ಲ. ನೀವು ಕೈಯಲ್ಲಿ ತಗೊಳ್ಳಬೇಕು. ಆಮೇಲೆ ಪದಕಪಾಲಕರಿಗೆ ಫೋನ್ ಮಾಡಬೇಕು. ನಿಯಮ ಹಾಗಿದೆ, ನಿಮ್ಮ ನೇಮಕದ ಪುಸ್ತಕದಲ್ಲಿ ಉಂಟು.”

“ಯಾಕೆ ಅಂತ ಕೇಳಿದ್ರೆ ಎಂತ ಹೇಳುದು?”

“ಸಿಟ್ಟು ಬಂದಿದೆ ಅಂತ ಹೇಳಿ. ಯಾಕೆ ಅಂತ ಅವರೇ ಹುಡುಕಲಿ.”

ಕೊನೆಗೆ ಅವರು ಕರವಸ್ತ್ರದಿಂದ ಕೈ ಒರೆಸಿಕೊಂಡು, ಕಾದ ಕಾವಲಿ ಮುಟ್ಟುವವರ ಹಾಗೆ ಪೆಟ್ಟಿಗೆ ಎತ್ತಿಕೊಂಡರು. ನೇಮಕದ ಪುಸ್ತಕ ತೆಗೆದು ನಂಬರು ನೋಡಿ ಫೋನು ಹಚ್ಚಿದರು. ಇಂದುಮತಿಯವರು ಅಲ್ಲೇ ಕೂತು, ಆ ಕಡೆ ಒಬ್ಬ ಮುದುಕ ಹಲೋ ಎನ್ನುವುದನ್ನೂ ಆಮೇಲೆ ಏನು, ಏನು ಎಂದು ಎರಡೆರಡು ಸಲ ಕೇಳುವುದನ್ನೂ ಕಿವಿಯಾರೆ ಕೇಳಿ ಎದ್ದರು.

ನಿಗಾ ಕೋಣೆಗೆ ಬಂದಾಗ ಗೋಡೆಯ ಮೇಲೆ ಇನ್ನೂ ಏಳೇ ಇತ್ತು. ಊಟದ ಹೊತ್ತಿಗೂ ಏಳೇ. ಧನುಷ್ ಏನೂ ಅರಿಯದೆ ಡಬ್ಬಿ ಬಿಚ್ಚಿ ಕೂತಿದ್ದ. ಇಂದುಮತಿಯವರು ತಮ್ಮ ಡಬ್ಬಿ ಬಿಚ್ಚದೆ ಗೋಡೆಯನ್ನೇ ನೋಡುತ್ತಿದ್ದರು. ಇದನ್ನೂ ಅದು ನುಂಗಿಬಿಟ್ಟಿತೇ?

ಆಗ ಅಂಕೆ ಮಿನುಗಿತು. ಏಳು ಹೋಗಿ ಐವತ್ತೆಂಟು ಬಂತು. ಹಸಿರು ಕೆಂಪಾಯಿತು. ಕೋಣೆಯ ಎಲ್ಲ ಫೋನುಗಳೂ ಒಟ್ಟಿಗೇ ಹೊಡೆದುಕೊಳ್ಳತೊಡಗಿದವು.

ಮುಂದಿನದೆಲ್ಲ ಬಹಳ ಬೇಗ ನಡೆಯಿತು. ಕೊರಾವೆಲ್‌ನ ಅಧ್ಯಕ್ಷರು ಭಾರತದ ರಾಯಭಾರಿಯನ್ನು ಕರೆಸಿ ಇದೇನು ಅವಮಾನ ಎಂದು ಕೇಳಿದ್ದರಂತೆ, ಅಂಕೆ ಹಾರಿದ್ದು ಅದಕ್ಕೇ. ಆ ರಾಯಭಾರಿಗೂ ಏನೂ ಗೊತ್ತಿರಲಿಲ್ಲ. ಟೀವಿಯವರು ಇಂದುಮತಿಯವರ ಹಳೆಯ ಫೋಟೊ ಹುಡುಕಿ ಹಾಕಿ, ಒಬ್ಬ ಮಾಜಿ ರಾಯಭಾರಿಯ ಮುನಿಸಿಗೆ ದೇಶ ಬೆಲೆ ತೆರಬೇಕೇ ಎಂದು ಚರ್ಚೆ ಇಟ್ಟರು. ಹಡಗಿನ ವಿಮೆ ಏರಿತು. ದೆಹಲಿಯ ಕಾರ್ಯದರ್ಶಿಯೊಬ್ಬರು ಸ್ವತಃ ಫೋನು ಮಾಡಿ, ನಿವೃತ್ತಿಯಾದ ಮೇಲಾದರೂ ಮನೆಯಲ್ಲಿ ಸುಮ್ಮನಿರಲು ಆಗುವುದಿಲ್ಲವೇ ಎಂದು ಉಗಿದರು. ಇಂದುಮತಿಯವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು.

“ಮುಗಿಯಿತೇ ಸರ್?” ಎಂದರು ಆಮೇಲೆ. “ಇನ್ನು ಹವಾಮಾನದ ನಕ್ಷೆ ತೆಗೆದು, ಆ ತೇಲುಕಟ್ಟೆ ಎಲ್ಲಿದೆ ಅಂತ ನೀವೇ ಕಣ್ಣಾರೆ ನೋಡಿ. ಬೇರೆ ಯಾರಿಂದಲೂ ನೋಡಿಸಬೇಡಿ.”

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು.

ಅಲ್ಲಿ ಕೊರಾವೆಲ್‌ನಲ್ಲಿ, ಈ ಹೆಂಗಸಿಗೆ ಸಿಟ್ಟು ಯಾಕೆ ಬಂತು ಎಂದು ಹುಡುಕಲು ಕೂರಿಸಿದ ಒಬ್ಬ ಅಧಿಕಾರಿಯೂ ಅದೇ ಹೊತ್ತಿಗೆ ಆ ಕಡತವನ್ನು ಮೊದಲ ಬಾರಿಗೆ ಬಿಚ್ಚಿದ್ದ. ಸಂಜೆಯೊಳಗೆ ಅವರ ನೌಕಾಪಡೆಯ ಒಂದು ಹಡಗು ಹೊರಟಿತು. ಗುರುವಾರ ಗಾಳಿ ಎದ್ದು ಕಟ್ಟೆಯನ್ನು ಮಗುಚುವ ಹೊತ್ತಿಗೆ ಅದರ ಮೇಲೆ ಯಾರೂ ಇರಲಿಲ್ಲ. ಗಂಗೊಳ್ಳಿಯ ದೋಣಿ ಮಾತ್ರ ಸಮುದ್ರದ ಪಾಲಾಯಿತು.

ದಿಗ್ದರ್ಶನದವರು ಇಂದುಮತಿಯವರ ಬಾಗಿಲ ಫಲಕ ತೆಗೆದರು. ಧನುಷ್ ಅವರನ್ನು ಕಾರಿನವರೆಗೆ ಬಂದು ಬಿಟ್ಟ. ಗೋಡೆ ನಿಧಾನಕ್ಕೆ ಇಳಿಯುತ್ತಿದೆ, ಇಪ್ಪತ್ತಕ್ಕೆ ಬಂದಿದೆ ಎಂದ. ಆಮೇಲೆ ನೆಲ ನೋಡುತ್ತ, ಪತ್ರಸೂತ್ರಕ್ಕೆ ಹೊಸ ಭಾಗ ಸೇರಿಸಿದ್ದಾರೆ ಮೇಡಂ, ಪದಕ ಹಿಂದಿರುಗಿಸಿದರೆ ಇನ್ನು ಮುಂದೆ ಅದೇ ಸ್ವೀಕರಿಸಿ 'ತಮ್ಮ ಭಾವನೆಗಳನ್ನು ಗೌರವಿಸುತ್ತೇವೆ' ಅಂತ ಉತ್ತರ ಕೊಡ್ತದಂತೆ ಎಂದ. ಇಂದುಮತಿಯವರು ಕಾರಿನ ಬಾಗಿಲನ್ನು ಬೇಕಾದದ್ದಕ್ಕಿಂತ ಜೋರಾಗಿ ಎಳೆದುಕೊಂಡರು. ಕುಂದಾಪುರದವರೆಗೂ ಆ ಸಿಟ್ಟು ಇಳಿಯಲಿಲ್ಲ. ಇನ್ನೊಂದು ದೋಣಿ, ಇನ್ನೊಂದು ಗಾಳಿ ಬಂದರೆ ಯಾವ ಬಾಗಿಲು ತಟ್ಟುವುದು ಎಂದು ಅವರಿಗೆ ಗೊತ್ತಿರಲಿಲ್ಲ. ತೆಲೆಸಾನಿಗೂ ಗೊತ್ತಿರಲಿಲ್ಲ, ಅವನನ್ನು ಕೇಳಿ ಆಗಿತ್ತು.

ಒಂಬತ್ತು ಮಂದಿಯನ್ನು ಗಂಗೊಳ್ಳಿಯಲ್ಲಿ ದೋಣಿಗಳು ತಂಗುವ ಬಂದರಿನ ಧಕ್ಕೆಗೆ ಕರೆತಂದ ದಿನ ಇಂದುಮತಿಯವರು ಜನರ ಹಿಂದೆ, ಐಸ್ ಪೆಟ್ಟಿಗೆಗಳ ಪಕ್ಕ ನಿಂತಿದ್ದರು. ನಾಗೇಶ ತೆಳ್ಳಗಾಗಿದ್ದ, ಗಡ್ಡ ಬಂದಿತ್ತು. ಸುತ್ತ ನೆರೆದವರು ಕೇಳುತ್ತಿದ್ದುದಕ್ಕೆಲ್ಲ ನಿಧಾನವಾಗಿ ಉತ್ತರ ಹೇಳುತ್ತಿದ್ದ. ಊಟಕ್ಕೇನೂ ತೊಂದರೆಯಿರಲಿಲ್ಲವಂತೆ. ಹೊಡೆದವರೂ ಇಲ್ಲ, ಬೈದವರೂ ಇಲ್ಲ. ಕಟ್ಟೆಯ ಧ್ವನಿಯೊಂದೇ. ಬೆಳಗ್ಗೆ ಎದ್ದರೆ ಮಾನ್ಯ ಅತಿಥಿಗಳೇ, ಶುಭೋದಯ. ಗಾಳಿ ಬತ್ತಿತ್ತ್, ನಮ್ಮನ್ನ್ ಇಳ್ಸಿ ಅಂದರೆ ನಿಮ್ಮ ಅನಿಸಿಕೆಗೆ ಧನ್ಯವಾದ. ಇವರು ಅದನ್ನು ಅಪ್ಪ ಅಮ್ಮ ಸೇರಿಸಿ ಬೈದರು. ಧನ್ಯವಾದ ಎಂದಿತು. ಒಬ್ಬ ಕಂಬಿಗೆ ತಲೆ ಚಚ್ಚಿಕೊಂಡ. ಸಲಹೆ ದಾಖಲಾಗಿದೆ ಎಂದಿತು. ಬರಬರುತ್ತ ಇವರೂ ಮಾತು ಬಿಟ್ಟರು. ತಾವು ಸತ್ತಿದ್ದೇವೋ ಬದುಕಿದ್ದೇವೋ ಎಂದು ಒಬ್ಬರನ್ನೊಬ್ಬರು ಮುಟ್ಟಿ ನೋಡಿಕೊಳ್ಳುವ ಹಾಗಾಯಿತು.

“ಕಡಿಗೆ ಆ ಹಡಗ್ ಬಂತಲ್ದಾ,” ಎಂದ ನಾಗೇಶ. “ಒಬ್ಬ ಸಿಪಾಯಿ ಹಗ್ಗ ಹಿಡ್ಕಂಡ್ ಹಾರ್ದ. ನಾವ್ ಬೆಪ್ಪರಂಗೆ ನಿಂತಿತ್. ಅವ್ನಿಗೆ ಸಿಟ್ಟ್ ಬಂತ್. ಅವ್ನ್ ಭಾಷೆಗೆ ಎಂತೆಂತದೋ ಬೈದ. ಬೈದದ್ದೇ ಅಂತ ಮೋರೆ ಕಂಡ್ರೆ ಗೊತ್ತಾತಲೆ. ಕುತ್ತಿಗಿ ಪಟ್ಟಿ ಹಿಡ್ದ್ ದೂಡ್ದ. ನಾನ್ ಅವ್ನ್ ಕಾಲ್ ಹಿಡ್ಕಂಡ್ ಮರ್ಕಿದೆ.”

ತಾಂಡೇಲ ಅತ್ತನೆಂದು ಯಾರೂ ನಗಲಿಲ್ಲ.

ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಸುಜಯ ಬಂದಳು. ಇಷ್ಟು ದಿನ ಮೆಟ್ಟಿಲ ಮೇಲೆ ಮಾತಿಲ್ಲದೆ ಕೂತಿದ್ದವಳು ಈಗ ಬಾಯಿ ತೆರೆದಳು. ಎಂಜಿನ್ ರಿಪೇರಿ ಮಾಡಿಸಿ ಎಂದು ಬೇಸಗೆಯಿಂದ ಬಡಿದುಕೊಂಡಿದ್ದನ್ನು, ಹೋಗುವ ದಿನ ಹೇಳದೆ ಹೋದದ್ದನ್ನು, ಅವನ ಹಟವನ್ನು, ಅವನ ಅಪ್ಪನ ಹಟವನ್ನು, ಅವನ ಇಡೀ ಕುಟುಂಬದ ತಲೆಯಲ್ಲಿ ತುಂಬಿದ್ದ ಮಣ್ಣನ್ನು ಒಂದೊಂದಾಗಿ ಎತ್ತಿ ಧಕ್ಕೆಯ ಜನರೆಲ್ಲ ಕೇಳುವಂತೆ ಬೈದಳು. ಬೈಯುತ್ತಲೇ ಅವನ ಅಂಗಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾಗೇಶ ಒಂದು ಮಾತೂ ಎದುರಾಡಲಿಲ್ಲ. ತಲೆ ತಗ್ಗಿಸಿ, ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೇ ತಂದುಕೊಂಡು ನಿಂತ.

ಉಸಿರು ತೆಗೆದುಕೊಳ್ಳಲು ಅವಳು ನಿಲ್ಲಿಸಿದಾಗ ಅವನು ಕಣ್ಣು ಮುಚ್ಚಿಯೇ ಹೇಳಿದ:

“ಇನ್ನೊಂಚೂರ್ ಬೈಯ್.”